ರಿಪೋರ್ಟ್ ನಾರ್ಮಲ್, ಎದೆ ಮಾತ್ರ ಭಾರ!

ಮನೆಮಂದಿಯ ಬಿಪಿ, ಶುಗರ್ ಲೆಕ್ಕವೆಲ್ಲ ನಿಮಗೆ ಬಾಯಿಪಾಠ ಅಲ್ವಾ? ಮಾವನವರ ಮಾತ್ರೆ ಎಂದು ಮುಗಿಯುತ್ತದೆ, ಅತ್ತೆಯನ್ನು ಮತ್ತೆ ಯಾವಾಗ ತೋರಿಸಬೇಕು, ಯಜಮಾನರ ಕೊಲೆಸ್ಟ್ರಾಲ್ ಕಳೆದ ಸಲ ಎಷ್ಟಿತ್ತು... ಕೇಳಿದರೆ ಥಟ್ಟನೆ ಹೇಳುತ್ತೀರಿ. ಸರಿ, ಈಗ ನಿಮ್ಮದೆಷ್ಟು ಹೇಳಿ ನೋಡೋಣ!

ಸುಮ್ಮನಾದಿರಿ. ನಾನೂ ಹೋದ ವರ್ಷದವರೆಗೆ ಹೀಗೇ ಸುಮ್ಮನಾಗುತ್ತಿದ್ದೆ.

ರಾಯಬಾಗದಲ್ಲಿರುವ ನಮ್ಮ ವೈನಿಗೆ ನಲವತ್ತಾರು ವರ್ಷ. ಚಿಂಚಲಿ ಮಾಯಕ್ಕನ ಜಾತ್ರೆ ಮುಗಿಸಿ ಬಂದ ಮೇಲೆ ಅವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ರೊಟ್ಟಿ ಬಡಿಯುವಾಗ ಎದೆಯ ಮೇಲೆ ಯಾರೋ ಕೂತಂಥ ಭಾರ. ಎರಡು ನಿಮಿಷ ಕೂತರೆ ಸರಿ. “ಗ್ಯಾಸ್ ಆಗೇತಿ, ಏನಿಲ್ಲ ಬಿಡ” ಎಂದು ಸೋಡಾ ಕುಡಿದು ದಿನ ದೂಡಿದರು. ಕೊನೆಗೆ ಅಣ್ಣ ಎರಡು ಸಾವಿರ ಕೊಟ್ಟು ಮನೆಗೇ ಬಂದು ರಕ್ತ ತಗೊಂಡು ಹೋಗುವ ‘ಹಾರ್ಟ್ ಪ್ಯಾಕೇಜ್’ ಮಾಡಿಸಿದ. ಎಂಟು ಪುಟದ ಬಣ್ಣದ ರಿಪೋರ್ಟ್ ಬಂತು. ಕೊಲೆಸ್ಟ್ರಾಲ್ ನಾರ್ಮಲ್, ಸಕ್ಕರೆ ನಾರ್ಮಲ್. ಒಂದೇ ಒಂದು ಸಾಲಿನ ಮುಂದೆ ನಕ್ಷತ್ರದ ಗುರುತು. ಅದೇನೆಂದು ಯಾರೂ ಕೇಳಲಿಲ್ಲ.

ತೋರಿಸಿದ ಡಾಕ್ಟರೊಬ್ಬರು ಇಸಿಜಿ ತೆಗೆದರು. ಅದೂ ನಾರ್ಮಲ್. “ಟೆನ್ಷನ್ ಮಾಡ್ಕೋಬ್ಯಾಡ್ರಿ ತಾಯಿ” ಎಂದು ನಿದ್ದೆಗೆ ಮಾತ್ರೆ ಬರೆದುಕೊಟ್ಟರು. ಅಂದಿನಿಂದ ಮನೆಯಲ್ಲಿ ವೈನಿ ಎದೆ ಹಿಡಿದುಕೊಂಡರೆ ಯಾರೂ ತಿರುಗಿ ನೋಡದಂತಾಯಿತು. “ಎಲ್ಲಾ ಟೆಸ್ಟ್ ಮಾಡ್ಸೇತಲ್ಲ, ಮತ್ತೇನು?”

ಎಂಟು ತಿಂಗಳಾದ ಮೇಲೆ ಒಂದು ನಸುಕಿನಲ್ಲಿ ಬೆವರಿ ಕುಸಿದಾಗ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಆಂಜಿಯೋಗ್ರಾಂ ಆಯಿತು. ಹೃದ್ರೋಗ ತಜ್ಞರು ಹೇಳಿದ್ದಿಷ್ಟು: “ದೊಡ್ಡ ರಕ್ತನಾಳದಾಗ ಬ್ಲಾಕೇಜ್ ಇಲ್ಲ. ಆದ್ರ ರಕ್ತ ಹರಿಯೋದು ಭಾಳ ನಿಧಾನ ಐತಿ. ನೋವು ಖರೇನ ಐತಿ, ಔಷಧಿ ಬೇಕು.”

ವೈನಿ ಅತ್ತುಬಿಟ್ಟರು. ಭಯಕ್ಕಲ್ಲ. “ನಾ ಸುಳ್ಳ ಹೇಳ್ತಿರ್ಲಿಲ್ಲ ಅಂತ ಈಗರ ಗೊತ್ತಾತಲ್ಲವಾ” ಎಂದರು ನನ್ನ ಕೈ ಹಿಡಿದು.

ಆ ಮಾತೇ ಈ ಲೇಖನ ಬರೆಸುತ್ತಿದೆ.

ಬ್ಲಾಕ್ ಇಲ್ಲದೆಯೂ ತೊಂದರೆ

ಹೃದಯ ಎಂದರೆ ನಮಗೆಲ್ಲ ಗೊತ್ತಿರುವುದು ಒಂದೇ, ಬ್ಲಾಕೇಜ್. ನಳದಲ್ಲಿ ಕಸ ಕಟ್ಟಿಕೊಂಡಂತೆ. ಆದರೆ ಕಬ್ಬಿಗೆ ಡ್ರಿಪ್ ಹಾಕಿಸಿದ ಮನೆಯವರನ್ನು ಕೇಳಿ. ದೊಡ್ಡ ಪೈಪು ಸ್ವಚ್ಛ, ಮೋಟಾರು ಸರಿ, ಆದರೂ ಒಂದು ಸಾಲು ಒಣಗುತ್ತದೆ. ನೋಡಿದರೆ ನೀರು ತೊಟ್ಟಿಕ್ಕುವ ಸಣ್ಣ ತೂತುಗಳಲ್ಲೇ ತೊಂದರೆ. ಹೃದಯದಲ್ಲೂ ಹಾಗೆ ಕೂದಲೆಳೆಯಂಥ ಸಾವಿರಾರು ರಕ್ತನಾಳಗಳಿವೆ. ನಾವು ದಡದಡ ಕೆಲಸ ಮಾಡುವಾಗ ಅವು ಅಗಲವಾಗಿ ಹೆಚ್ಚು ರಕ್ತ ಬಿಡಬೇಕು. ಬಿಡದಿದ್ದರೆ ಎದೆ ಭಾರ, ಏದುಸಿರು, ಸುಸ್ತು.

ಆಂಜಿಯೋಗ್ರಾಂನಲ್ಲಿ ಬಿಟ್ಟ ಬಣ್ಣದ ದ್ರವ ಬ್ಲಾಕ್ ಇಲ್ಲದೆಯೂ ನಿಧಾನವಾಗಿ ಸಾಗುವುದನ್ನು ವೈದ್ಯರು 1972ರಲ್ಲೇ ಗುರುತಿಸಿದ್ದರು. ಅಮೆರಿಕದಲ್ಲಿ 1996ರಲ್ಲಿ ಹೆಂಗಸರ ಎದೆನೋವಿನ ಬಗ್ಗೆಯೇ ‘ವೈಸ್’ ಎಂಬ ದೊಡ್ಡ ಅಧ್ಯಯನ ಶುರುವಾಯಿತು. ಎದೆನೋವೆಂದು ಬಂದು, ಬ್ಲಾಕ್ ಇಲ್ಲವೆಂದು ಮನೆಗೆ ಕಳಿಸಲ್ಪಡುತ್ತಿದ್ದ ಎಷ್ಟೋ ಹೆಂಗಸರ ಸಣ್ಣ ರಕ್ತನಾಳಗಳಲ್ಲಿ ನಿಜವಾದ ದೋಷವಿದೆ ಎಂದು ಅದು ತೋರಿಸಿತು. ಅಂದರೆ ‘ನಾಟಕ’, ‘ಟೆನ್ಷನ್’, ‘ಮುಟ್ಟು ನಿಲ್ಲುವ ಕಾಲದ ತಕರಾರು’ ಎಂದು ತಳ್ಳಿಹಾಕಿದ್ದರಲ್ಲಿ ಬಹಳಷ್ಟು ಹೃದಯದ್ದೇ ಆಗಿತ್ತು.

ಒಂದು ಹನಿ ರಕ್ತ ಭವಿಷ್ಯ ಹೇಳುತ್ತದೆಯೇ?

ಹಾಗಾದರೆ ಇದನ್ನೆಲ್ಲ ಮೊದಲೇ ರಕ್ತದಲ್ಲಿ ಕಂಡುಹಿಡಿಯಲು ಬರುವುದಿಲ್ಲವೇ? ಬರುತ್ತದೆ ಎಂದು ಪ್ಯಾಕೇಜ್ ಮಾರುವವರು ಹೇಳುತ್ತಾರೆ. ಬರುವುದೇ ಇಲ್ಲ ಎಂದು ಕೆಲವರು ಕೈ ಝಾಡಿಸುತ್ತಾರೆ. ನಿಜ ಇವೆರಡರ ನಡುವೆ ಇದೆ.

ಮೊದಲು ಬರುವ ಭಾಗ. ಅಮೆರಿಕದ ‘ವಿಮೆನ್ಸ್ ಹೆಲ್ತ್ ಸ್ಟಡಿ’ಯಲ್ಲಿ 27,939 ಆರೋಗ್ಯವಂತ ಹೆಂಗಸರ ರಕ್ತವನ್ನು ಒಂದೇ ಸಲ ತೆಗೆದಿಟ್ಟು, 30 ವರ್ಷ ಅವರನ್ನು ಗಮನಿಸಿದರು. ಫಲಿತಾಂಶ 2024ರಲ್ಲಿ ಬಂತು. ಮೂರು ಅಂಶಗಳು ಮುಂದಿನ ಹೃದಯಾಘಾತ, ಪಾರ್ಶ್ವವಾಯುವಿನ ಸೂಚನೆಯನ್ನು ಮೊದಲೇ ಕೊಟ್ಟಿದ್ದವು. ಒಂದು, ನಮಗೆ ಗೊತ್ತಿರುವ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್. ಎರಡು, ಮೈಯೊಳಗಿನ ಉರಿಯೂತ ಅಳೆಯುವ ಎಚ್‌ಎಸ್-ಸಿಆರ್‌ಪಿ. ಮೂರು, ಲೈಪೊಪ್ರೋಟೀನ್ ‘ಸ್ಮಾಲ್ ಎ’. ಇವುಗಳಲ್ಲಿ ಸಿಆರ್‌ಪಿ ಅತಿ ಹೆಚ್ಚಿದ್ದವರಿಗೆ ಅತಿ ಕಡಿಮೆ ಇದ್ದವರಿಗಿಂತ ಸುಮಾರು 70 ಪ್ರತಿಶತ ಹೆಚ್ಚು ಅಪಾಯ ಕಂಡಿತು. ಅವರು ಬಹುಪಾಲು ಬಿಳಿಯ ಹೆಂಗಸರು, ನಮ್ಮ ಅಥಣಿ, ಕಾಗವಾಡದವರಲ್ಲ ನಿಜ. ಆದರೂ ಇಷ್ಟು ವರ್ಷ, ಇಷ್ಟು ಹೆಂಗಸರ ಮೇಲೆ ನಡೆದ ಲೆಕ್ಕವನ್ನು ಕಡೆಗಣಿಸಬಾರದು.

ವೈನಿಯ ರಿಪೋರ್ಟಿನಲ್ಲಿ ನಕ್ಷತ್ರ ಬಿದ್ದಿದ್ದು ಇದೇ ಸಿಆರ್‌ಪಿ ಸಾಲಿಗೆ! ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಾದರೆ ಒಳ್ಳೆಯದು, 1ರಿಂದ 3 ಮಧ್ಯಮ, 3 ದಾಟಿದರೆ ಹೆಚ್ಚು. ಹಾಗಂತ ಗಾಬರಿಯಾಗಬೇಡಿ. ನೆಗಡಿ, ಜ್ವರ, ಹಲ್ಲಿನ ಕೀವು, ಕೀಲುನೋವು, ಬೊಜ್ಜು, ಯಾವುದಿದ್ದರೂ ಇದು ಏರುತ್ತದೆ. ಅದಕ್ಕೇ ಮೈ ಸರಿಯಿಲ್ಲದಾಗ ಮಾಡಿಸಬಾರದು. ಹೆಚ್ಚು ಬಂದರೆ ಎರಡು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು.

ಈಗ ಬಾರದ ಭಾಗ. ವೈನಿಗಾದಂಥ ನಿಧಾನ ಹರಿವಿನ ಬಗ್ಗೆ ಟರ್ಕಿ, ಚೀನಾ ಮುಂತಾದ ಕಡೆ ವೈದ್ಯರು ಹಲವು ಅಧ್ಯಯನ ಮಾಡಿದ್ದಾರೆ. ಸಿಆರ್‌ಪಿ, ಯೂರಿಕ್ ಆಸಿಡ್, ಹೋಮೋಸಿಸ್ಟೀನ್, ಬಿಳಿ ರಕ್ತಕಣಗಳ ಪ್ರಮಾಣ, ಇವು ಅಂಥ ರೋಗಿಗಳಲ್ಲಿ ಸರಾಸರಿ ಸ್ವಲ್ಪ ಹೆಚ್ಚಿರುವುದನ್ನು ಕಂಡಿದ್ದಾರೆ. ‘ಸರಾಸರಿ’ ಎಂಬ ಮಾತನ್ನು ಹಿಡಿದುಕೊಳ್ಳಿ. ನಿಮ್ಮ ಓಣಿಯ ಚಹಾಕ್ಕಿಂತ ಹಿಂದಿನ ಓಣಿಯ ಚಹಾ ಸರಾಸರಿ ಸಿಹಿ ಹೆಚ್ಚು ಎಂದುಕೊಳ್ಳೋಣ. ಒಂದೇ ಒಂದು ಕಪ್ಪು ಕೈಗೆ ಕೊಟ್ಟು ‘ಇದು ಯಾವ ಓಣಿಯದು?’ ಎಂದರೆ ಹೇಳಲಾದೀತೇ? ಇಲ್ಲೂ ಹಾಗೆ. ಒಬ್ಬ ಹೆಂಗಸಿನ ರಕ್ತ ನೋಡಿ ‘ನಿನ್ನ ಹೃದಯದಲ್ಲಿ ಹರಿವು ನಿಧಾನ’ ಎಂದೋ, ‘ಸರಿಯಾಗಿದೆ’ ಎಂದೋ ಖಾತ್ರಿ ಕೊಡುವ ಟೆಸ್ಟ್ ಇಲ್ಲ. ಅದನ್ನು ತಿಳಿಯಲು ಹೃದಯದ ವಿಶೇಷ ಸ್ಕ್ಯಾನ್‌ಗಳು ಬೇಕು, ಇಲ್ಲವೇ ಆಂಜಿಯೋಗ್ರಾಂ ಜೊತೆಗೆ ಹರಿವು ಅಳೆಯುವ ಪರೀಕ್ಷೆಗಳು ಬೇಕು. ಅವು ಎಲ್ಲ ಊರಲ್ಲೂ ಸಿಗುವಂಥವಲ್ಲ.

ಹೋಮೋಸಿಸ್ಟೀನ್ ಕಥೆಯೂ ಕೇಳಿ. ಹಾಲು, ಮೊಸರೂ ಅಷ್ಟಕ್ಕಷ್ಟೇ ಇರುವ ಸಸ್ಯಾಹಾರಿಗಳಿಗೆ ಬಿ-12 ಕಡಿಮೆಯಾಗಿ ಇದು ಏರುವುದು ಸಾಮಾನ್ಯ. ವಿಟಮಿನ್ ಗುಳಿಗೆ ಕೊಟ್ಟರೆ ಇಳಿಯುತ್ತದೆ. ಆದರೆ 2006ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ ಅಂಕಿ ಇಳಿದರೂ ಹೃದಯಾಘಾತ ಕಡಿಮೆಯಾಗಲಿಲ್ಲ. ಬಿ-12 ಕೊರತೆಯಿದ್ದರೆ ನರಕ್ಕಾಗಿ, ರಕ್ತಕ್ಕಾಗಿ ಸರಿಪಡಿಸಿಕೊಳ್ಳಲೇಬೇಕು. ಹೃದಯ ಉಳಿಯುತ್ತದೆಂದು ದುಬಾರಿ ಟೆಸ್ಟಿಗೆ ದುಡ್ಡು ಸುರಿಯಬೇಕಿಲ್ಲ.

ಮಂಡಳದಲ್ಲಿ ಒಂದು ಜಟಾಪಟಿ

ಇತ್ತೀಚೆಗೆ ನಮ್ಮ ಚಿಕ್ಕೋಡಿಯ ಮಹಿಳಾ ಮಂಡಳದಲ್ಲಿ ಒಬ್ಬ ಏಜೆಂಟ್ ಬಂದು, ಐವತ್ತು ಜನ ಸೇರಿದರೆ ಹಾರ್ಟ್ ಪ್ಯಾಕೇಜ್‌ಗೆ ರಿಯಾಯಿತಿ ಕೊಡುತ್ತೇವೆ ಎಂದ. “ಗೃಹಲಕ್ಷ್ಮಿ ರೊಕ್ಕದಾಗ ಆಗ್ತೈತಿ ನೋಡ್ರಿ” ಎಂದು ಎಲ್ಲರೂ ಹುರುಪಾದರು. ಹುರುಪಿಗೆ ಕಾರಣವಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೇ ಹೋದಾಗ ಅತ್ತವರು ನಾವು. 2025ರ ಜೂನ್, ಜುಲೈನಲ್ಲಿ ಹಾಸನದ ಸಾವುಗಳ ಸುದ್ದಿ ಕೇಳಿ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ನಸುಕಿನಲ್ಲೇ ಸಾಲುಗಟ್ಟಿದ್ದನ್ನು ಟೀವಿಯಲ್ಲಿ ನೋಡಿದವರು. ಭಯವಾಗುವುದು ಸಹಜ. ಆದರೆ ಭಯದಲ್ಲಿ ಕೊಂಡ ಸೀರೆಯೇ ಒಗ್ಗುವುದಿಲ್ಲ, ಇನ್ನು ಟೆಸ್ಟ್ ಒಗ್ಗೀತೇ?

ನಾನು ಬೇಡ ಎಂದೆ. ಒಂದಿಬ್ಬರು ಮುಖ ಊದಿಸಿದರು. “ಹೆಂಗಸ್ರು ಒಮ್ಮೆರ ಟೆಸ್ಟ್ ಮಾಡಿಸ್ಕೊಳ್ಳಾಕ ಹೊಂಟಾರ, ನೀ ಅಡ್ಡ ಹಾಕ್ತಿ” ಎಂದರು ಹಿರಿಯ ಕಾಕೂ ಒಬ್ಬರು. ಅವರ ಮಾತಿನಲ್ಲೂ ಸತ್ಯವಿತ್ತು. ಗಂಡಸರಿಗೆ ಮೊದಲು, ನಮಗೆ ಕಡೆಗೆ ಎಂಬ ಪದ್ಧತಿಯಿಂದಾಗಿಯೇ ನಮ್ಮಲ್ಲಿ ಎಷ್ಟೋ ಜನಕ್ಕೆ ರಕ್ತದೊತ್ತಡ ಎಷ್ಟೆಂದೇ ಗೊತ್ತಿಲ್ಲ. ನನ್ನ ತಕರಾರು ಟೆಸ್ಟಿನ ಮೇಲಲ್ಲ, ಅರವತ್ತು ಟೆಸ್ಟಿನ ಕಟ್ಟಿನ ಮೇಲೆ. ಅರವತ್ತು ಮಾಡಿಸಿದರೆ ಒಂದೆರಡು ಸುಮ್ಮಸುಮ್ಮನೇ ಕೆಂಪಾಗುತ್ತವೆ, ನಿದ್ದೆ ಹೋಗುತ್ತದೆ. ಎಲ್ಲ ಹಸಿರಾಗಿದ್ದರೆ ಇನ್ನೂ ಅಪಾಯ, ನಮ್ಮ ವೈನಿಯ ಹಾಗೆ ನೋವಿಗೇ ಬೀಗ ಬೀಳುತ್ತದೆ.

ಫಾರ್ಮಿನಲ್ಲಿ ಇಲ್ಲದ ಪ್ರಶ್ನೆಗಳು

ಆ ಏಜೆಂಟನ ಫಾರ್ಮ್ ಓದಿದೆ. ಹೆಸರು, ವಯಸ್ಸು, ಮೊಬೈಲ್ ನಂಬರ್, ಉಪವಾಸವಿದ್ದೀರಾ. ಮುಗಿಯಿತು! ಹೆಂಗಸಿನ ಹೃದಯಕ್ಕೆ ಬೇಕಾದ ಪ್ರಶ್ನೆಗಳೇ ಇಲ್ಲ.

ಬಸಿರಿನಲ್ಲಿ ಬಿಪಿ ಏರಿತ್ತಾ? ಆಗ ಸಕ್ಕರೆ ಕಾಣಿಸಿಕೊಂಡಿತ್ತಾ? ಹೆರಿಗೆಯಾದ ಮೇಲೆ ಎರಡೂ ಇಳಿದವೆಂದು ನಾವು ಮರೆತುಬಿಡುತ್ತೇವೆ, ಆದರೆ ಮುಂದೆ ಹೃದಯದ ತೊಂದರೆಯ ಸಂಭವ ಹೆಚ್ಚೇ ಇರುತ್ತದೆ. ಮುಟ್ಟು ನಲವತ್ತೈದಕ್ಕಿಂತ ಮೊದಲೇ ನಿಂತಿತಾ? ತವರಿನಲ್ಲಿ ಯಾರಿಗಾದರೂ ಸಣ್ಣ ವಯಸ್ಸಿಗೇ ಹೃದಯಾಘಾತವಾಗಿತ್ತಾ? ವೈನಿಗೆ ಎರಡನೇ ಬಸಿರಿನಲ್ಲಿ ಬಿಪಿ ವಿಪರೀತ ಏರಿತ್ತು. ಇಪ್ಪತ್ತು ವರ್ಷದಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ.

ನಮ್ಮ ಭಾಗದ ಇನ್ನೊಂದು ಪ್ರಶ್ನೆ ಇದೆ, ಕೇಳಲು ಸಂಕೋಚ, ಹೇಳಲು ಇನ್ನೂ ಸಂಕೋಚ. ಮಶೇರಿ ಹಚ್ಚುತ್ತೀರಾ? ನಿಪ್ಪಾಣಿ ಎಂದರೆ ತಂಬಾಕಿನ ಪೇಟೆ. ಅಲ್ಲಿ ಬೀಡಿ ಕಟ್ಟಿ ಮನೆ ನಡೆಸಿದ ಹೆಂಗಸರೆಷ್ಟೋ. ಹುರಿದ ತಂಬಾಕಿನ ಪುಡಿಯನ್ನು ಹಲ್ಲಿಗೆ ತಿಕ್ಕುವುದು ಗಡಿಭಾಗದಲ್ಲಿ ಚಟ ಎಂದೇ ಲೆಕ್ಕಕ್ಕಿಲ್ಲ, ಹಲ್ಲುಜ್ಜಿದಂತೆ ಅಷ್ಟೇ! ವೈನಿಯ ತವರು ನಿಪ್ಪಾಣಿ. ಮದುವೆಗೆ ಮೊದಲಿನಿಂದ ಅವರಿಗಿದು ರೂಢಿ. ಹೊಗೆ ಬರದಿದ್ದರೂ ತಂಬಾಕು ತಂಬಾಕೇ, ಹೃದಯಕ್ಕೆ ಅಪಾಯವೇ. ಯಾವ ಪ್ಯಾಕೇಜಿನಲ್ಲೂ ಇದರ ಸಾಲು ಇಲ್ಲ, ನೀವೇ ಬಾಯಿಬಿಟ್ಟು ಹೇಳಬೇಕು.

ಬೆಲ್ಲದ ಮಾತೂ ಒಂದಿಷ್ಟು. ಕಬ್ಬಿನ ಸೀಮೆಯವರು ನಾವು, “ಸಕ್ಕರಿ ಬ್ಯಾಡ, ಬೆಲ್ಲ ಆದ್ರ ನಡೀತೈತಿ” ಎಂದು ಚಹಾಕ್ಕೆ ಬೆಲ್ಲ ಹಾಕಿಕೊಳ್ಳುತ್ತೇವೆ. ರಕ್ತಕ್ಕೆ ಆ ಭೇದವಿಲ್ಲ. ಬೆಲ್ಲವೂ ಸಕ್ಕರೆಯನ್ನು ಏರಿಸುತ್ತದೆ.

ಹಾಗಾದರೆ ಏನು ಮಾಡಿಸಬೇಕು?

ಮಂಡಳದಲ್ಲಿ ಕೊನೆಗೆ ಒಪ್ಪಿಗೆಯಾದ ಪಟ್ಟಿ ಇದು. ನಿಮಗೂ ಉಪಯೋಗವಾದೀತು. ನಿಮ್ಮ ಡಾಕ್ಟರ ಜೊತೆ ಮಾತಾಡಿಯೇ ಮಾಡಿಸಿ.

* ರಕ್ತದೊತ್ತಡ ಮತ್ತು ಸೊಂಟದ ಅಳತೆ. ಎರಡಕ್ಕೂ ಸೂಜಿ ಬೇಡ. ನಮ್ಮ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ.

* ಕೊಲೆಸ್ಟ್ರಾಲ್ ಪರೀಕ್ಷೆ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಟ್ಟ ಸಲಹೆಯಂತೆ ಸಾಮಾನ್ಯರಿಗೆ ಎಲ್‌ಡಿಎಲ್ 100ಕ್ಕಿಂತ ಕೆಳಗಿರಬೇಕು. ಅಪಾಯ ಹೆಚ್ಚಿರುವವರಿಗೆ 70, ಅತಿ ಹೆಚ್ಚಿರುವವರಿಗೆ 55ಕ್ಕಿಂತ ಕೆಳಗೆ. ಅಂದರೆ ನಿಮ್ಮ ‘ನಾರ್ಮಲ್’ ಪಕ್ಕದ ಮನೆಯವರ ನಾರ್ಮಲ್ ಅಲ್ಲ! ಬಹುಪಾಲು ಜನ ಇದಕ್ಕೆ ಉಪವಾಸ ಇರಬೇಕಾಗಿಯೂ ಇಲ್ಲ.

* ಲೈಪೊಪ್ರೋಟೀನ್ ‘ಸ್ಮಾಲ್ ಎ’. ಇದು ತಂದೆತಾಯಿಯಿಂದ ಬರುವ ಅಂಶ, ಆಹಾರದಿಂದ ಹೆಚ್ಚುಕಡಿಮೆ ಬದಲಾಗದು. ಹಾಗಾಗಿ ಜನ್ಮದಲ್ಲಿ ಒಮ್ಮೆ ಸಾಕು. ಭಾರತೀಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೆಚ್ಚಿರುತ್ತದೆ ಎಂದು ಅದೇ ಸಂಘ ಹೇಳಿದೆ. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದ್ದರೆ ಬಿಪಿ, ಕೊಲೆಸ್ಟ್ರಾಲ್ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿರಬೇಕು, ಮಕ್ಕಳಿಗೂ ತಿಳಿಸಬೇಕು.

* ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆ ಲೆಕ್ಕ. 5.7ರಿಂದ 6.4 ಬಂದರೆ ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದಿದೆ, 6.5 ಆದರೆ ಒಳಗೇ ಬಂದಿದೆ.

* ಜೊತೆಗೆ ಹಿಮೋಗ್ಲೋಬಿನ್. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಕಬ್ಬಿಣದ ಅಂಶ ಕಡಿಮೆಯಿದ್ದರೆ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು. ಏದುಸಿರಿಗೂ ಅದೇ ಕಾರಣವಿರಬಹುದು.

* ಎಚ್‌ಎಸ್-ಸಿಆರ್‌ಪಿ ಎಲ್ಲರಿಗೂ ಬೇಕೆಂದಿಲ್ಲ. ಮೇಲಿನ ಪ್ರಶ್ನೆಗಳಲ್ಲಿ ಒಂದೆರಡಕ್ಕೆ ‘ಹೌದು’ ಇದ್ದವರು ಡಾಕ್ಟರನ್ನು ಕೇಳಿ. ‘ಎಚ್‌ಎಸ್’ ಎಂದಿರಬೇಕು, ಸಾಮಾನ್ಯ ಸಿಆರ್‌ಪಿ ಪರೀಕ್ಷೆಗೆ ಈ ಸಣ್ಣ ಏರುಪೇರು ಸಿಗುವುದಿಲ್ಲ.

ಟ್ರೋಪೋನಿನ್ ಎಂಬ ಟೆಸ್ಟನ್ನೂ ಕೆಲವು ಪ್ಯಾಕೇಜಿನಲ್ಲಿ ಸೇರಿಸಿರುತ್ತಾರೆ. ಅದು ಮುಖ್ಯವಾಗಿ ಬೇಕಾಗುವುದು ಎದೆನೋವು ಬಂದಾಗ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ಆಸ್ಪತ್ರೆಯಲ್ಲಿ ನೋಡಲು. ನೋವು ಶುರುವಾದ ಕೂಡಲೇ ತೆಗೆದರೆ ಸರಿಯಾಗಿಯೇ ಬರಬಹುದು, ಕೆಲ ಗಂಟೆ ಬಿಟ್ಟು ಮತ್ತೆ ನೋಡಬೇಕಾಗುತ್ತದೆ. ಕೂದಲು ಉದುರುತ್ತದೆಂದು ಬಯೋಟಿನ್ ಗುಳಿಗೆ ನುಂಗುತ್ತಿದ್ದೀರಾ? ಆಸ್ಪತ್ರೆಯಲ್ಲಿ ತಪ್ಪದೆ ಹೇಳಿ. ಅದು ಕೆಲವು ಲ್ಯಾಬ್‌ಗಳಲ್ಲಿ ಟ್ರೋಪೋನಿನ್ ಅನ್ನು ತಪ್ಪಾಗಿ ಕಡಿಮೆ ತೋರಿಸಬಹುದು ಎಂದು ಅಮೆರಿಕದ ಔಷಧ ಆಡಳಿತ 2017ರಲ್ಲೇ ಎಚ್ಚರಿಸಿದೆ.

ಆ ಹೊತ್ತು ಬಂದರೆ

ಎದೆ ಭಾರ, ಒತ್ತಿದಂತಾಗುವುದು, ದವಡೆ, ಕುತ್ತಿಗೆ, ಬೆನ್ನು, ತೋಳಿಗೆ ನೋವು, ತಣ್ಣನೆ ಬೆವರು, ವಾಕರಿಕೆ, ಏದುಸಿರು. ಇವು ಕೆಲವೇ ನಿಮಿಷಗಳಲ್ಲಿ ನಿಲ್ಲದಿದ್ದರೆ ಸೋಡಾ ಹುಡುಕಬೇಡಿ, ಒಲೆ ಆರಿಸಿ 108ಕ್ಕೆ ಫೋನ್ ಮಾಡಿ. “ಅವ್ರು ಫ್ಯಾಕ್ಟರಿಯಿಂದ ಬರ್ಲಿ” ಎಂದು ಕಾಯಬೇಡಿ. ನಮ್ಮ ಕಡೆಯವರಿಗೆ ಹೃದಯ ಎಂದ ಕೂಡಲೇ ಮೀರಜ್, ಸಾಂಗಲಿ, ಕೊಲ್ಹಾಪುರ ಇಲ್ಲವೇ ಬೆಳಗಾವಿಯ ನೆನಪು. ಆದರೆ ಮೊದಲ ಇಸಿಜಿಗೆ ಅಷ್ಟು ದೂರ ಹೋಗುವುದರಲ್ಲಿ ಹೊತ್ತು ಕಳೆದೀತು. ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಮೈ ಚೆನ್ನಾಗಿರುವಾಗಲೇ ಒಮ್ಮೆ ಹೋಗಿ ವಿಚಾರಿಸಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಗಡಿಯಲ್ಲಿ ರಿಪೋರ್ಟ್ ಇಂಗ್ಲಿಷಿನಲ್ಲಿ ಬರುತ್ತದೆ, ಎಷ್ಟೋ ಸಲ ಡಾಕ್ಟರು ಮರಾಠಿಯಲ್ಲಿ ಹೇಳುತ್ತಾರೆ, ನಮ್ಮ ನೋವು ಮಾತ್ರ ಕನ್ನಡದಲ್ಲೇ ಇರುತ್ತದೆ. ನಡುವೆ ಗಂಡನೋ ಮೈದುನನೋ ಅರ್ಧ ಹೇಳಿ ಅರ್ಧ ನುಂಗುತ್ತಾರೆ. ಅದಕ್ಕೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನೋವು ಯಾವಾಗ ಬರುತ್ತದೆ, ಏನು ಮಾಡುವಾಗ, ಎಷ್ಟು ಹೊತ್ತು, ಎಲ್ಲಿಂದ ಎಲ್ಲಿಗೆ. ರಿಪೋರ್ಟ್ ಸರಿಯಿದೆ ಎಂದರೆ “ಆದ್ರ ನೋವು ಹೋಗಿಲ್ಲರಿ, ಮುಂದೇನು?” ಎಂದು ಕೇಳಿ. ಕೇಳಿದರೆ ತಪ್ಪಿಲ್ಲ, ಕೇಳದೆ ಎಂಟು ತಿಂಗಳು ಕಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ವೈನಿ ಈಗ ಆರಾಮಾಗಿದ್ದಾರೆ. ಔಷಧಿ ತಪ್ಪಿಸುವುದಿಲ್ಲ, ಸಂಜೆ ನಡೆಯುತ್ತಾರೆ. ಮಶೇರಿ ಡಬ್ಬಿ ಹೊರಗೆಸೆದಿದ್ದಾರೆ, ಎರಡು ಸಲ ಮತ್ತೆ ತಂದು ಮತ್ತೆ ಎಸೆದಿದ್ದಾರೆ, ಅದನ್ನೂ ಹೇಳಿಯೇಬಿಡುತ್ತೇನೆ! ಮೊನ್ನೆ ಫೋನಿನಲ್ಲಿ ಅವರೇ ಕೇಳಿದರು, “ನಿಂದೆಷ್ಟವಾ?”

ಈ ಸಲ ನಾನು ಸುಮ್ಮನಾಗಲಿಲ್ಲ. ಬಿಪಿ, ಎಲ್‌ಡಿಎಲ್, ಸಕ್ಕರೆ, ಮೂರೂ ಹೇಳಿದೆ. ಎಲ್‌ಡಿಎಲ್ ಸ್ವಲ್ಪ ಮೇಲಿದೆ, ಅದೂ ಹೇಳಿದೆ. ಇವತ್ತು ಪಾತ್ರೆ ತೊಳೆದು ಕೈ ಒರೆಸಿಕೊಂಡ ಮೇಲೆ, ಮನೆಯವರ ಔಷಧಿ ಲೆಕ್ಕ ಬರೆದಿಡುವ ಆ ಹಳೆಯ ಡೈರಿಯಲ್ಲಿ ಒಂದು ಪುಟ ನಿಮ್ಮ ಹೆಸರಿಗೂ ಇರಲಿ.